ಕ್ರೀಡಾಪತ್ರಿಕೆಗಳಲ್ಲಿ ಚದುರಂಗ

ಕಾವ್ಯವನ್ನು ವಿಮರ್ಶಿಸಹೊರಟವನು ಕವಿಯ ಊರು, ವಯಸ್ಸು, ಅವನಿಗೆ ಸಂದ ಸಂಭಾವನೆ, ಸಭೆಯಲ್ಲಿ ಅವನಿಗೆ ಹೊದಿಸಿದ ಶಾಲು ಇವಿಷ್ಟನ್ನು ಬಣ್ಣಿಸಿ, ಅವನ ಒಂದು ಪದ್ಯವನ್ನಾದರೂ ಎತ್ತಿ ತೋರಿಸದೆ ಲೇಖನಿಯನ್ನು ಕೆಳಗಿಟ್ಟರೆ, ಅದನ್ನು ವಿಮರ್ಶೆಯೆಂದು ಕರೆಯಲು ವಾಚಕರಾರೂ ಒಪ್ಪಲಾರರು. ಸಂಗೀತದ ಕಚೇರಿಯ ವರದಿಯಲ್ಲಿ ರಾಗದ ಹೆಸರೇ ಇಲ್ಲದಿದ್ದರೆ, ವೈದ್ಯನ ಚೀಟಿಯಲ್ಲಿ ಔಷಧದ ಹೆಸರೇ ಇಲ್ಲದಿದ್ದರೆ ನಾವು ನಗುತ್ತೇವೆ. ಆದರೆ ಚದುರಂಗದ ವಿಷಯದಲ್ಲಿ ಇಂಥ ಬರೆಹವನ್ನೇ ನಮ್ಮ ಕ್ರೀಡಾಪತ್ರಿಕೆಗಳೂ ದಿನಪತ್ರಿಕೆಗಳ ಕ್ರೀಡಾಪುಟಗಳೂ ಬಹುಮಟ್ಟಿಗೆ ಕೊಡುತ್ತಲಿವೆ. ನಾವೂ ಅದನ್ನು ವರದಿಯೆಂದೇ ಸ್ವೀಕರಿಸುತ್ತಲಿದ್ದೇವೆ. ಗೆದ್ದವರು ಯಾರು, ಸೋತವರು ಯಾರು, ಅಂಕಗಳೆಷ್ಟು, ಬಹುಮಾನವೆಷ್ಟು, ತಾಯಿತಂದೆಗಳು ಏನೆಂದರು ಎಂಬುದೆಲ್ಲ ಅದರಲ್ಲಿರುತ್ತದೆ. ಆಡಿದ ಆಟವೊಂದು ಮಾತ್ರ ಇರುವದಿಲ್ಲ. ಈ ಲೋಪದ ಸ್ವರೂಪವೇನು, ಅದರಿಂದ ನಮಗಾಗುವ ನಷ್ಟವೇನು, ಅದನ್ನು ತುಂಬಿಕೊಳ್ಳುವ ಬಗೆ ಯಾವದು ಎಂಬ ಮೂರು ಸಂಗತಿಗಳನ್ನು ಯಥಾಮತಿಯಾಗಿ ವಿವೇಚಿಸುವದು ಈ ಲೇಖನದ ಉದ್ದೇಶವಾಗಿದೆ.

ಮೊದಲು ನ್ಯಾಯವಾಗಿ ಹೇಳತಕ್ಕ ಮಾತನ್ನು ಹೇಳಿಬಿಡುತ್ತೇನೆ. ಚದುರಂಗಕ್ಕೆ ಪತ್ರಿಕೆಗಳಲ್ಲಿ ಸ್ಥಳವೇ ಇಲ್ಲವೆಂಬ ಹಳೆಯ ದೂರು ಈಗ ಸಲ್ಲದು. 1978ರಲ್ಲಿ ಆರಂಭವಾದ 'ಸ್ಪೋರ್ಟ್‌ಸ್ಟಾರ್' ಪತ್ರಿಕೆಯ ದೊಡ್ಡ ಚಿತ್ರಪಟಗಳನ್ನು ಗೋಡೆಗೆ ಅಂಟಿಸಿಕೊಂಡು ಬೆಳೆದ ಪೀಳಿಗೆಗೆ ಕ್ರೀಡೆಯೆಂದರೆ ಕ್ರಿಕೆಟ್ಟೆಂಬ ಭಾವನೆ ಬೇರೂರಿದ್ದುದು ನಿಜ. ಆದರೆ ವಿಶ್ವನಾಥನ್ ಆನಂದರು 1988ರಲ್ಲಿ ಭಾರತದ ಪ್ರಥಮ ಗ್ರ್ಯಾಂಡ್‌ಮಾಸ್ಟರ್ ಆದಂದಿನಿಂದ, ವಿಶೇಷವಾಗಿ 2007ರಿಂದ 2013ರ ವರೆಗೆ ಜಗಜ್ಜೇತೃಪದವನ್ನು ಉಳಿಸಿಕೊಂಡಂದಿನಿಂದ ಸ್ಥಿತಿ ಬದಲಾಯಿತು. 2022ರಲ್ಲಿ ಚೆನ್ನೈಯ ಬಳಿಯ ಮಾಮಲ್ಲಪುರದಲ್ಲಿ ಒಲಿಂಪಿಯಾಡ್ ನಡೆಯಿತು. 2024ರ ಸೆಪ್ಟೆಂಬರದಲ್ಲಿ ಬುಡಾಪೆಸ್ಟಿನಲ್ಲಿ ಭಾರತದ ಮುಕ್ತ ತಂಡವೂ ಮಹಿಳೆಯರ ತಂಡವೂ ಸುವರ್ಣವನ್ನು ಗಳಿಸಿದವು. ಅದೇ ವರ್ಷ ಡಿಸೆಂಬರ 12ರಂದು ಸಿಂಗಾಪುರದಲ್ಲಿ ಹದಿನೆಂಟು ವರ್ಷದ ಡಿ. ಗುಕೇಶನು ಚೀನದ ಡಿಂಗ್ ಲಿರೆನ್‌ರನ್ನು 7½–6½ ಅಂಕಗಳಿಂದ ಸೋಲಿಸಿ ಜಗಜ್ಜೇತನಾದನು. ನಮ್ಮ ರಾಜ್ಯಕ್ಕೂ 2017ರಲ್ಲಿ ಮೈಸೂರಿನ ಎಂ. ಎಸ್. ತೇಜಕುಮಾರರಿಂದ ಮೊದಲ ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದಿತು. ಇವೆಲ್ಲವೂ ಮುಖಪುಟದಲ್ಲಿ ಅಚ್ಚಾದ ವಾರ್ತೆಗಳು. ಆದದ್ದರಿಂದ ಸ್ಥಳದ ಕೊರತೆಯನ್ನು ಕುರಿತು ನನ್ನ ಆಕ್ಷೇಪವಿಲ್ಲ; ದೊರೆತ ಸ್ಥಳವನ್ನು ತುಂಬಿದ ಬಗೆಯನ್ನು ಕುರಿತು ನನ್ನ ಆಕ್ಷೇಪವುಂಟು.

ಚದುರಂಗಕ್ಕೆ ಇತರ ಆಟಗಳಿಗಿಲ್ಲದ ಒಂದು ವಿಶೇಷವುಂಟು. ಭದ್ರಾವತಿಯ ಜಿ. ಆರ್. ವಿಶ್ವನಾಥರು 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನವರ ಎದುರು ಔಟಾಗದೆ 97 ಓಟಗಳನ್ನು ಹೊಡೆದರು. ಅಂಕಿ ಉಳಿದಿದೆ, ಆದರೆ ಆ ಮಣಿಕಟ್ಟಿನ ತಿರುವನ್ನು ಯಾವ ಬರೆಹಗಾರನೂ ಕಾಗದದ ಮೇಲೆ ಪೂರ್ಣವಾಗಿ ಇಳಿಸಲಾರನು. ಕಂಡವರು ಕಂಡರು, ಉಳಿದವರು ಊಹಿಸಿಕೊಳ್ಳಬೇಕು. ಚದುರಂಗದಲ್ಲಿ ಹಾಗಲ್ಲ. ಅಲ್ಲಿ ನಡೆದ ಯಾವತ್ತೂ ಸಂಗತಿಯನ್ನು ಒಂದಕ್ಷರವೂ ಸೋರಿಹೋಗದಂತೆ ಬರೆದಿಡಬಹುದು. ನಡೆಗಳ ಪಟ್ಟಿಯು ಆಟದ ವರ್ಣನೆಯಲ್ಲ, ಆಟವೇ ಆಗಿದೆ. ಪದ್ಯವನ್ನು ಅಚ್ಚುಹಾಕಿದರೆ ಪದ್ಯವೇ ಓದುಗನ ಮನೆಗೆ ಬರುವಂತೆ, ನಡೆಗಳನ್ನು ಅಚ್ಚುಹಾಕಿದರೆ ಆಟವೇ ಮನೆಗೆ ಬರುತ್ತದೆ. ನಮ್ಮ ಅಂಕೋಲೆಯ ದಿನಕರ ದೇಸಾಯಿಯವರ ಚುಟುಕವನ್ನು ಕುರಿತು ಬರೆಯುವವನು ಆ ನಾಲ್ಕು ಸಾಲುಗಳನ್ನು ಕೊಡದೆ ನಾಲ್ಕು ಪುಟಗಳನ್ನು ತುಂಬಿದರೆ ನಾವು ಏನೆಂದೇವು? ಚದುರಂಗದ ಆಟವೂ ಹೆಚ್ಚೆಂದರೆ ಕೆಲವೇ ಸಾಲುಗಳ ಪದಾರ್ಥ.

ಪ್ರತ್ಯಕ್ಷ ಪ್ರಮಾಣವನ್ನೇ ಕೊಡುತ್ತೇನೆ. ಅಂತರರಾಷ್ಟ್ರೀಯ ಪತ್ರಚದುರಂಗದವರು ಲಿಪಿಭೇದದ ತೊಡಕನ್ನು ತಪ್ಪಿಸುವ ಸಲುವಾಗಿ ಅಂಕಿಗಳ ಒಂದು ಸಂಕೇತವನ್ನು ಬಳಸುತ್ತ ಬಂದಿದ್ದಾರೆ. ಬಿಳಿಯ ಕಡೆಯಿಂದ ನೋಡಿದಾಗ ಎಡದಿಂದ ಬಲಕ್ಕೆ ಕಂಬಸಾಲುಗಳಿಗೆ 1ರಿಂದ 8. ಕೆಳಗಿನಿಂದ ಮೇಲಕ್ಕೆ ಅಡ್ಡಸಾಲುಗಳಿಗೂ 1ರಿಂದ 8. ಕಂಬದ ಅಂಕಿ ಮೊದಲು, ಅಡ್ಡದ ಅಂಕಿ ಆಮೇಲೆ. ಹೀಗೆ ಒಂದೊಂದು ಮನೆಗೆ ಎರಡೆರಡು ಅಂಕಿಗಳಾದವು. ಹೊರಟ ಮನೆ, ಸೇರಿದ ಮನೆ ಎರಡನ್ನೂ ಕೂಡಿಸಿದರೆ ಒಂದು ನಡೆಗೆ ನಾಲ್ಕು ಅಂಕಿಗಳು. 5254 ಎಂದರೆ ಅರಸನ ಮುಂದಿನ ಕಾಲಾಳು ಎರಡು ಮನೆ ಮುಂದೆ ನಡೆಯಿತೆಂದು ಅರ್ಥ. ಈ ಕೆಳಗಿನ ಆಟವು 1858ರಲ್ಲಿ ಪ್ಯಾರಿಸ್ಸಿನ ಸಂಗೀತನಾಟಕಶಾಲೆಯಲ್ಲಿ, ರಂಗದ ಮೇಲೆ ಹಾಡು ನಡೆಯುತ್ತಿರುವಾಗ, ಪ್ರೇಕ್ಷಕರ ಕೊಠಡಿಯೊಂದರಲ್ಲಿ ನಡೆದದ್ದು. ಬಿಳಿಯ ಕಾಯಿಗಳು ಅಮೆರಿಕದ ಪಾಲ್ ಮಾರ್ಫಿಯವು. ಕರಿಯ ಕಾಯಿಗಳು ಬ್ರನ್ಸ್‌ವಿಕ್ಕಿನ ಡ್ಯೂಕನೂ ಅವನ ಜತೆಗಾರನಾದ ಕೌಂಟನೂ ಕೂಡಿ ಆಡಿದವು.

1) 5254 5755, 2) 7163 4746, 3) 4244 3874, 4) 4455 7463, 5) 4163 4655, 6) 6134 7866, 7) 6323 4857, 8) 2133 3736, 9) 3175 2725, 10) 3325 3625, 11) 3425 2847, 12) 5131 1848, 13) 4147 4847, 14) 8141 5756, 15) 2547 6647, 16) 2328 4728, 17) 4148 ಮಾತ್.

12ನೆಯ ನಡೆಯಲ್ಲಿ ಬಿಳಿಯ ಅರಸನು ಕೋಟೆಯನ್ನು ಕಟ್ಟಿದಾಗ ಮಂತ್ರಿಯ ಪಕ್ಕದ ಆನೆಯು 11ರಿಂದ 41ಕ್ಕೆ ಬಂದಿತೆಂದು ತಿಳಿದುಕೊಳ್ಳತಕ್ಕದ್ದು. ಇಷ್ಟೇ ಆಟ. ಮನೆಯಲ್ಲಿ ಚದುರಂಗದ ಹಾಸಿದ್ದವರು ಕಾಯಿಗಳನ್ನಿಟ್ಟು ಆಡಿ ನೋಡಬೇಕು. ಮಾರ್ಫಿಯು 16ನೆಯ ನಡೆಯಲ್ಲಿ ತನ್ನ ಮಂತ್ರಿಯನ್ನೇ ಬಲಿಗೊಟ್ಟು, ಉಳಿದ ಒಂದೇ ಆನೆ ಒಂದೇ ಒಂಟೆಗಳಿಂದ ಎದುರಾಳಿಯ ಅರಸನನ್ನು ಕಟ್ಟಿಹಾಕುವ ಸೊಬಗನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ. ಕೈ ಆಡಿಸಿದವನ ಕಣ್ಣಿಗೆ ಅದು ತಾನಾಗಿಯೇ ಕಾಣುತ್ತದೆ. ಅಂದು ರಂಗದ ಮೇಲೆ ಹಾಡಿದವರ ಕಂಠವು ಅಂದಿಗೇ ಮುಗಿಯಿತು. ಹಿಂದೆ ಕೊಠಡಿಯಲ್ಲಿ ನಡೆದ ಹದಿನೇಳು ನಡೆಗಳು ಮಾತ್ರ ನೂರಾರವತ್ತು ವರ್ಷಗಳಾಚೆಗೆ ಕಾರವಾರದ ಜಗಲಿಗೂ ಬಂದು ತಲುಪಿದವು. ಇದಕ್ಕೆ ತಗಲಿದ ಸ್ಥಳವು ಬಹುಮಾನ ಪ್ರದಾನದ ಒಂದು ಚಿತ್ರಕ್ಕೆ ತಗಲುವ ಸ್ಥಳಕ್ಕಿಂತ ಕಡಿಮೆ.

ಇನ್ನು ನಮ್ಮ ಪತ್ರಿಕೆಗಳು ಮಾಡುವದೇನೆಂಬುದನ್ನು ಸಿಂಗಾಪುರದ ಪ್ರಸಂಗದಿಂದಲೇ ನೋಡೋಣ. ಗುಕೇಶನು ಗೆದ್ದ ಮರುದಿನ ಪತ್ರಿಕೆಗಳಲ್ಲಿ ನಾವು ಕಂಡದ್ದು ಬಾಲಕನ ಕಣ್ಣೀರು. ಮುಖವನ್ನು ಕೈಗಳಿಂದ ಮುಚ್ಚಿಕೊಂಡ ಚಿತ್ರ, ತಂದೆಯನ್ನು ತಬ್ಬಿಕೊಂಡ ಚಿತ್ರ, ಬಹುಮಾನದ ಮೊತ್ತ, ಹಿಂದಿನ ಕಿರಿಯ ಜಗಜ್ಜೇತನಾದ ಕಾಸ್ಪರೋವನು 1985ರಲ್ಲಿ ಇಪ್ಪತ್ತೆರಡು ವರ್ಷದವನಾಗಿದ್ದನೆಂಬ ಹೋಲಿಕೆ. ಇದಾವದೂ ಸುಳ್ಳಲ್ಲ, ಬೇಡವಾದದ್ದೂ ಅಲ್ಲ. ಆದರೆ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇಲ್ಲಿಯ ಕೊರತೆ ಥಟ್ಟನೆ ಹೊಳೆಯುತ್ತದೆ. ವಿಭಾವ, ಅನುಭಾವ, ವ್ಯಭಿಚಾರಿಗಳು ಕೂಡಿದಾಗ ರಸನಿಷ್ಪತ್ತಿಯಾಗುವದೆಂದು ಭರತನು ವಿಧಿಸಿದನಷ್ಟೆ. ಕಣ್ಣೀರು ಅನುಭಾವ. ಅದು ಒಳಗಿನ ಭಾವದ ಹೊರಗುರುತು ಮಾತ್ರ. ಅದನ್ನು ಎಬ್ಬಿಸಿದ ಕಾರಣವಾದ ವಿಭಾವವು ಎಲ್ಲಿತ್ತು? ಹಾಸಿನ ಮೇಲೆ ಇತ್ತು. 14ನೆಯ ಆಟದ 55ನೆಯ ನಡೆಯಲ್ಲಿ ಇತ್ತು. ಅದನ್ನು ತೋರಿಸದೆ ಕಣ್ಣೀರನ್ನು ಮಾತ್ರ ತೋರಿಸುವದು ಶಕುಂತಲೆಯನ್ನು ಕಾಣಿಸದೆ ದುಷ್ಯಂತನ ನಿಟ್ಟುಸಿರನ್ನು ಕೇಳಿಸಿದಂತೆ. ಕೇಳಿದವನಿಗೆ ಅಯ್ಯೋ ಎನಿಸೀತು, ಅದು ರಸವಾಗದು.

ಆ ವಿಭಾವವನ್ನು ತೋರಿಸುವದು ಅಷ್ಟು ಕಷ್ಟವೇ? ಹದಿಮೂರು ಆಟಗಳಾದಾಗ ಇಬ್ಬರಿಗೂ ಆರೂವರೆ ಅಂಕಗಳಾಗಿದ್ದವು. ಕೊನೆಯ ಆಟವೂ ಸಮವಾದರೆ ಮರುದಿನ ಶೀಘ್ರಗತಿಯ ಆಟಗಳಿಂದ ನಿರ್ಣಯವಾಗಬೇಕಿತ್ತು. ಹಾಸಿನ ಮೇಲೆ ಇಬ್ಬರಿಗೂ ಒಂದೊಂದು ಆನೆ, ಒಂದೊಂದು ಒಂಟೆ ಉಳಿದಿದ್ದವು. ಕರಿಯ ಕಾಯಿಗಳನ್ನಾಡುತ್ತಿದ್ದ ಗುಕೇಶನಿಗೆ ಒಂದು ಕಾಲಾಳು ಹೆಚ್ಚು. ಆದರೂ ಬಲ್ಲವರೆಲ್ಲ ಸಮವೆಂದೇ ಎಣಿಸಿದ್ದರು. ಆಗ ಡಿಂಗರು ತಮ್ಮ ಆನೆಯನ್ನು 62ಕ್ಕೆ ತಂದು ಆನೆಗೆ ಆನೆಯ ವಿನಿಮಯವನ್ನು ಮುಂದೊಡ್ಡಿದರು. ಆನೆಗಳು ಹೋದವು. ಈಗ ಡಿಂಗರ ಒಂಟೆ ಎಲ್ಲಿತ್ತೆಂಬುದೇ ಮುಖ್ಯ. ಅದು ಹಾಸಿನ ತುತ್ತತುದಿಯಲ್ಲಿ, 18ರ ಮೂಲೆಯಲ್ಲಿ ಇತ್ತು. ಮೂಲೆಯಲ್ಲಿರುವ ಒಂಟೆಗೆ ಹೊರಬರಲು ಒಂದೇ ಓರೆದಾರಿ. ಗುಕೇಶನು ತನ್ನ ಒಂಟೆಯನ್ನು ಆ ದಾರಿಯ ಮೇಲೆಯೇ, 45ರ ಮನೆಯಲ್ಲಿ ತಂದು ನಿಲ್ಲಿಸಿದನು. ಅದರ ಬೆನ್ನಿಗೆ ಅವನ ಅರಸನೇ ಕಾವಲಿದ್ದನು. ಮೂಲೆಯ ಒಂಟೆಗೆ ತಪ್ಪಿಸಿಕೊಳ್ಳುವ ಮನೆಯಿಲ್ಲ. ಆದ್ದರಿಂದ ಒಂಟೆಗಳೂ ಹೋಗಲೇಬೇಕು. ಅವು ಹೋದ ಮೇಲೆ ಅರಸರೂ ಕಾಲಾಳುಗಳೂ ಮಾತ್ರ ಉಳಿದಾಗ ಆ ಒಂದು ಹೆಚ್ಚಿನ ಕಾಲಾಳೇ ರಾಜ್ಯವನ್ನು ಗೆದ್ದುಕೊಡುತ್ತದೆ. 58ನೆಯ ನಡೆಗೆ ಡಿಂಗರು ಸೋಲನ್ನೊಪ್ಪಿದರು. ಇದೇ ಒಂಟೆಯು ಮೂಲೆಯಲ್ಲಲ್ಲದೆ ಇನ್ನೆಲ್ಲಾದರೂ ಸ್ವಚ್ಛಂದವಾಗಿ ಇದ್ದಿದ್ದರೆ ಆ ವಿನಿಮಯವು ಇಷ್ಟು ಘಾತಕವಾಗುತ್ತಿರಲಿಲ್ಲ.

ಈ ಹತ್ತು ವಾಕ್ಯಗಳನ್ನು ಓದಿದ ಮೇಲೆ ಆ ಕಣ್ಣೀರಿನ ಚಿತ್ರವನ್ನು ಮತ್ತೊಮ್ಮೆ ನೋಡಿರಿ. ಮೂರು ವಾರಗಳ ಹೋರಾಟವು ಮೂಲೆಯ ಒಂದು ಒಂಟೆಯ ಮೇಲೆ ನಿಂತಿತ್ತೆಂಬುದು ತಿಳಿದಾಗ ಗೆದ್ದವನ ಉದ್ವೇಗವೂ ಅರ್ಥವಾಗುತ್ತದೆ, ಸೋತವರ ದುಃಖವೂ ಅರ್ಥವಾಗುತ್ತದೆ. 2025ರ ಜುಲೈಯಲ್ಲಿ ಜಾರ್ಜಿಯದ ಬಾತುಮಿಯಲ್ಲಿ ನಾಗಪುರದ ದಿವ್ಯಾ ದೇಶಮುಖಳು ಕೊನೇರು ಹಂಪಿಯವರನ್ನು ಗೆದ್ದು ಮಹಿಳೆಯರ ವಿಶ್ವಕಪ್ಪನ್ನು ಪಡೆದಾಗಲೂ ಇದೇ ಪುನರಾವೃತ್ತಿಯಾಯಿತು. ತಾಯಿಯನ್ನಪ್ಪಿ ಅತ್ತ ಚಿತ್ರವನ್ನು ನೋಡದವರಿಲ್ಲ; ಆ ಗೆಲುವನ್ನು ತಂದುಕೊಟ್ಟ ಶೀಘ್ರಗತಿಯ ಆಟದ ಒಂದು ನಡೆಯನ್ನಾದರೂ ಕನ್ನಡದಲ್ಲಿ ಓದಿದವರು ವಿರಳ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಲೋಪವು ಇನ್ನಷ್ಟು ಕೆಡುಕಾದದ್ದು. ಅವರ ಬುದ್ಧಿಯನ್ನು ಬಿಟ್ಟು ಭಾವುಕತೆಯನ್ನೇ ತೋರಿಸುವ ಹಳೆಯ ಚಾಳಿಗೆ ಅದು ಹೊಸ ಆಸರೆಯಾಗುತ್ತದೆ.

ಚದುರಂಗವು ನೋಡುವದಕ್ಕೆ ನೀರಸವಾದದ್ದು, ಇಬ್ಬರು ಸುಮ್ಮನೆ ಕುಳಿತಿರುವಾಗ ಬರೆಯುವದಾದರೂ ಏನನ್ನು ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಬೇರೆ ಸೀಮೆಯವರು ಕೇಳಿದರೆ ಕ್ಷಮಿಸಬಹುದು. ಉತ್ತರ ಕನ್ನಡದವರು ಕೇಳತಕ್ಕದ್ದಲ್ಲ. ನಮ್ಮಲ್ಲಿ ತಾಳಮದ್ದಳೆ ಉಂಟು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕಿರೀಟವಿಲ್ಲ. ಭಾಗವತರ ಪದವಾದ ಮೇಲೆ ಇಬ್ಬರು ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಮಾತನಾಡುತ್ತಾರೆ. ಆದರೂ ಬೆಳತನಕ ಜನರು ಕದಲದೆ ಕೇಳುತ್ತಾರೆ. ಯಾಕೆಂದರೆ ಅಲ್ಲಿ ವಾದಕ್ಕೆ ಪ್ರತಿವಾದವುಂಟು. ಒಬ್ಬನು ಹೂಡಿದ ಯುಕ್ತಿಯನ್ನು ಇನ್ನೊಬ್ಬನು ಹೇಗೆ ತುಂಡರಿಸಿದನೆಂಬ ಕುತೂಹಲವುಂಟು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮಾತು ಬಂದರೆ ನಮ್ಮ ಹಿರಿಯರು ಅವರ ಅಂಗಿಯ ಬಣ್ಣವನ್ನು ಹೇಳುವದಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನಿಗೆ ವಾಲಿಯು ಹಾಕಿದ ಪ್ರಶ್ನೆಗಳನ್ನು ಹೇಳುತ್ತಾರೆ, ರಾಮನ ಪಾತ್ರದವರು ಅದಕ್ಕೆ ಕೊಟ್ಟ ಸಮಾಧಾನವನ್ನು ಹೇಳುತ್ತಾರೆ, ಎಲ್ಲಿ ತೊಡರಿದರು ಎಲ್ಲಿ ಚೇತರಿಸಿಕೊಂಡರು ಎಂಬುದನ್ನು ಹೇಳುತ್ತಾರೆ. ಚದುರಂಗವು ಕ್ರೀಡೆಗಳಲ್ಲಿ ತಾಳಮದ್ದಳೆ. ಅದನ್ನು ಬಯಲಾಟದಂತೆ ಬಣ್ಣ, ವೇಷ, ಕುಣಿತಗಳಿಂದ ವರ್ಣಿಸಹೋದವರ ಕೈಗೆ ಏನೂ ಸಿಕ್ಕುವದಿಲ್ಲ. ಆಗ ಕಣ್ಣೀರನ್ನೂ ಬಹುಮಾನವನ್ನೂ ಹುಡುಕಿಕೊಂಡು ಹೋಗುತ್ತಾರೆ. ಯುಕ್ತಿ ಪ್ರತಿಯುಕ್ತಿಗಳ ಕ್ರಮದಿಂದ ಬರೆದರೆ ಸಾಮಗ್ರಿಗೆ ಕೊರತೆಯಿಲ್ಲ. ಅದನ್ನು ಬರೆಯುವ ರೀತಿಯೂ ಕೇಳುವ ರುಚಿಯೂ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಉಂಟು.

ದೃಷ್ಟಿಹೀನರ ಚದುರಂಗವನ್ನು ನೋಡಿದರೆ ಈ ಸಾದೃಶ್ಯವು ಮತ್ತಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಇಬ್ಬರಿಗೂ ಬೇರೆ ಬೇರೆ ಹಾಸುಗಳಿರುತ್ತವೆ. ಕರಿಯ ಮನೆಗಳು ಬೆರಳಿಗೆ ತಿಳಿಯುವಂತೆ ತುಸು ಎತ್ತರವಾಗಿರುತ್ತವೆ. ಕಾಯಿಗಳ ಬುಡದ ಕಡ್ಡಿಗಳು ಮನೆಗಳ ತೂತಿನಲ್ಲಿ ಕೂಡುತ್ತವೆ. ಆಡಿದವನು ತನ್ನ ನಡೆಯನ್ನು ಗಟ್ಟಿಯಾಗಿ ಹೇಳಬೇಕು. ಎದುರಾಳಿಯು ಅದನ್ನು ಮರಳಿ ಹೇಳಿ ತನ್ನ ಹಾಸಿನ ಮೇಲೆ ಆಡಬೇಕು. ಅಲ್ಲಿ ನಡೆಯು ಮಾತೇ ಆಗಿದೆ. ಶಿವಮೊಗ್ಗದ ಕಿಶನ್ ಗಂಗೊಳ್ಳಿಯವರು ಹೀಗೆ ಆಡಿ ರಾಷ್ಟ್ರಪ್ರಶಸ್ತಿಯ ಸ್ಪರ್ಧೆಯನ್ನು ಹಲವು ಸಲ ಗೆದ್ದವರು. 2018ರಲ್ಲಿ ಜಕಾರ್ತದ ಏಶಿಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಸುವರ್ಣಪದಕವನ್ನು ತಂದವರು. ನಮ್ಮ ಜಿಲ್ಲೆಯ ಹೊನ್ನಾವರದ ಸಮರ್ಥ ರಾವ್ ಅವರೂ ಅಂಗವೈಕಲ್ಯವುಳ್ಳವರ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಡಿದವರು. ಇಂಥವರನ್ನು ಕುರಿತ ಲೇಖನಗಳನ್ನು ಓದಿದರೆ ಅವರ ದೇಹದ ಕೊರತೆಯ ವಿಚಾರವಾಗಿ ಸಾಕಷ್ಟು ಮಾತು, ಮನೆಯವರ ತ್ಯಾಗದ ವಿಚಾರವಾಗಿ ಸಾಕಷ್ಟು ಮಾತು. ಅವರು ಯಾವ ಬಗೆಯ ಆಟಗಾರರು ಎಂಬ ವಿಚಾರವಾಗಿ ಒಂದು ಮಾತೂ ದುರ್ಲಭ. ಆಕ್ರಮಣಪ್ರಿಯರೋ ತಾಳ್ಮೆಯವರೋ, ಮಂತ್ರಿಯನ್ನು ಬೇಗನೆ ಹೊರಡಿಸುವರೋ ಕಾಲಾಳುಗಳನ್ನು ನೆಚ್ಚುವರೋ, ತಿಳಿಯುವಂತಿಲ್ಲ. ಚದುರಂಗದ ಹಾಸು ಯಾರ ದೇಹವನ್ನೂ ಕೇಳದ ಸ್ಥಳ. ಅಲ್ಲಿ ಸಮಾನರಾಗಿ ಕುಳಿತವರನ್ನು ವರದಿಗಾರನು ಮತ್ತೆ ಕರುಣೆಯ ಕಟಕಟೆಗೆ ಕರೆತರುತ್ತಾನೆ. ಇದು ಕರುಣೆಯಲ್ಲ, ಅವರ ಕೆಲಸಕ್ಕೆ ಮಾಡಿದ ಅಪಚಾರ. ಆಟವನ್ನು ಅಚ್ಚುಹಾಕುವದೇ ಅವರಿಗೆ ಸಲ್ಲತಕ್ಕ ಗೌರವ.

ಅಚ್ಚಾಗದೆ ಹೋದದ್ದು ಅಳಿದುಹೋಗುವದು ಎಂಬುದಕ್ಕೂ, ಅಚ್ಚಾದದ್ದು ಉಳಿಯುವದು ಎಂಬುದಕ್ಕೂ ಚರಿತ್ರೆಯಲ್ಲಿ ನಿದರ್ಶನಗಳುಂಟು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಂಗಾಲದಲ್ಲಿ ಮಹೇಶಚಂದ್ರ ವಂದ್ಯೋಪಾಧ್ಯಾಯನೆಂಬ ಬ್ರಾಹ್ಮಣನಿದ್ದನು. ಅವನು ಕಲಕತ್ತೆಯ ಬ್ಯಾರಿಸ್ಟರನಾದ ಜಾನ್ ಕಾಕ್ರೇನನ ಕೂಡ ನೂರಾರು ಆಟಗಳನ್ನಾಡಿದನು. ಕಾಕ್ರೇನನು ಅವುಗಳಲ್ಲಿ ಕೆಲವನ್ನು ಇಂಗ್ಲಂಡಿನ ಚದುರಂಗ ಪತ್ರಿಕೆಗೆ ಕಳಿಸಿದ್ದರಿಂದ ಅವು ಉಳಿದವು. ಅವನ ಆರಂಭದ ನಡೆಗಳ ರೀತಿಯಿಂದಲೇ 'ಇಂಡಿಯನ್' ರಕ್ಷಣೆ ಎಂಬ ಹೆಸರು ಇಂದಿಗೂ ಜಗತ್ತಿನ ಎಲ್ಲ ಚದುರಂಗ ಗ್ರಂಥಗಳಲ್ಲಿ ನಿಂತಿದೆ. ಅವನ ಮುಖ ಹೇಗಿತ್ತೆಂಬುದನ್ನು ಬಲ್ಲವರಿಲ್ಲ. ನಡೆಗಳು ಉಂಟು, ಆದ್ದರಿಂದ ಅವನೂ ಉಂಟು. ಪಂಜಾಬದ ಮೀರ್ ಸುಲ್ತಾನ್ ಖಾನನು ಒಬ್ಬ ಶ್ರೀಮಂತನ ಆಶ್ರಿತನಾಗಿ ಇಂಗ್ಲಂಡಿಗೆ ಹೋಗಿ 1929, 1932, 1933ರಲ್ಲಿ ಬ್ರಿಟಿಶ್ ಪ್ರಶಸ್ತಿಯನ್ನು ಗೆದ್ದನು; 1930ರ ಕೊನೆಗೆ ಆರಂಭವಾದ ಹೇಸ್ಟಿಂಗ್ಸ್ ಸ್ಪರ್ಧೆಯಲ್ಲಿ ಕಾಪಾಬ್ಲಾಂಕನನ್ನೇ ಸೋಲಿಸಿದನು. ಅವನ ಮುಂಡಾಸವನ್ನೂ ಮೌನವನ್ನೂ ಕುರಿತು ಆಗಿನವರು ಬರೆದದ್ದು ಈಗ ಕೇವಲ ಕುತೂಹಲದ ಸಂಗತಿ. ಆಟಗಳು ಅಚ್ಚಾಗಿದ್ದವು, 2024ರಲ್ಲಿ ಅವನಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಂದಾಗ ಅದರ ಹಿಂದೆ ನಿಂತ ಸಾಕ್ಷ್ಯವು ಆ ಆಟಗಳೇ.

ನಮ್ಮ ನಾಡಿನ ಪೂರ್ವಿಕರು ಈ ಮರ್ಮವನ್ನು ಅರಿತಿದ್ದರು. ಕಲ್ಯಾಣದ ಚಾಳುಕ್ಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಚದುರಂಗಕ್ಕೆ ವಿನೋದಗಳ ಸಾಲಿನಲ್ಲಿ ಸ್ಥಾನವಿತ್ತನು. ಒಂಬತ್ತನೆಯ ಶತಮಾನದ ಆಲಂಕಾರಿಕನಾದ ರುದ್ರಟನು ಚಿತ್ರಕಾವ್ಯದ ಪ್ರಭೇದಗಳಲ್ಲಿ ತುರಗಪದಬಂಧವನ್ನು ಹೇಳಿದನು. ಹದಿನಾಲ್ಕನೆಯ ಶತಮಾನದ ವೇದಾಂತದೇಶಿಕರು 'ಪಾದುಕಾಸಹಸ್ರ'ದಲ್ಲಿ ಅದನ್ನು ಸಾಧಿಸಿ ತೋರಿಸಿದರು. ಮನೆಗೊಂದು ಅಕ್ಷರದಂತೆ ಬರೆದ ಶ್ಲೋಕವನ್ನು ಕುದುರೆಯ ನಡೆಯಿಂದ ಓದುತ್ತ ಹೋದರೆ ಇನ್ನೊಂದು ಶ್ಲೋಕವು ಹುಟ್ಟುವದು ಆ ಬಂಧದ ಚಮತ್ಕಾರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ರಾಜ್ಯಾಡಳಿತವು ಆಂಗ್ಲರ ಕೈಗೆ ಹೋದ ಮೇಲೆ ಸಾಹಿತ್ಯಕ್ಕೂ ಕ್ರೀಡೆಗಳಿಗೂ ಮನಸ್ಸನ್ನಿತ್ತು, ಹಾಸಿನ ಅರುವತ್ತನಾಲ್ಕು ಮನೆಗಳಲ್ಲಿ ಅಶ್ವಗತಿಯ ವಿಚಿತ್ರ ರಚನೆಗಳನ್ನು ಮಾಡಿದರು. 'ಶ್ರೀತತ್ತ್ವನಿಧಿ'ಯ 'ಕೌತುಕನಿಧಿ'ಯು ಇಂಥ ಆಟಗಳಿಗೇ ಮೀಸಲಾದ ಭಾಗ. ಇವರೆಲ್ಲರ ಕಣ್ಣಿಗೆ ಚದುರಂಗದ ನಡೆಯು ಓದತಕ್ಕ ವಸ್ತುವಾಗಿತ್ತು, ಅಕ್ಷರಕ್ಕೆ ಸಮನಾಗಿತ್ತು. ಅವರ ವಂಶದಲ್ಲಿ ಹುಟ್ಟಿದ ನಾವು ನಡೆಯನ್ನು ಬಿಟ್ಟು ನೆರೆದ ಜನರನ್ನು ಎಣಿಸುತ್ತಿದ್ದೇವೆ.

ನಮ್ಮ ಜಿಲ್ಲೆಯ ಸಂಗತಿಯನ್ನೇ ನೋಡಿರಿ. ಶಾಲಾ ಕ್ರೀಡಾಕೂಟಗಳಲ್ಲಿ ಚದುರಂಗವೂ ಸೇರಿದೆ. ಅಂಕೋಲೆ, ಕಾರವಾರಗಳಲ್ಲಿ ಮಕ್ಕಳು ಆಡುತ್ತಾರೆ, ಗೆಲ್ಲುತ್ತಾರೆ, ಜಿಲ್ಲೆಗೂ ರಾಜ್ಯಕ್ಕೂ ಹೋಗುತ್ತಾರೆ. ಮರುದಿನದ ವಾರ್ತೆಯಲ್ಲಿ ದೀಪ ಬೆಳಗಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ಸ್ವಾಗತಿಸಿದವರ, ವಂದಿಸಿದವರ, ನಿರೂಪಿಸಿದವರ ಹೆಸರುಗಳು ಕ್ರಮವಾಗಿ ಬಂದು, ಕೊನೆಗೆ ಮಕ್ಕಳ ಹೆಸರುಗಳು ಒಂದು ಸಾಲಿನಲ್ಲಿ ಬರುತ್ತವೆ. ಆ ಮಕ್ಕಳಲ್ಲೊಬ್ಬಳು ಅಂದು ಒಂದು ಕುದುರೆಯನ್ನು ಬಲಿಕೊಟ್ಟು ಅಪೂರ್ವವಾದ ಮಾತ್ ಮಾಡಿದ್ದರೂ ಮಾಡಿರಬಹುದು. ಅದನ್ನು ಬರೆದುಕೊಂಡವರಿಲ್ಲ, ಅಚ್ಚುಹಾಕಿದವರಿಲ್ಲ. ಅವಳಿಗೆ ಹಾರವೂ ಪದಕವೂ ಸಿಕ್ಕಿದವು. ಅವಳ ಆಟವು ಮಾತ್ರ ಸಂಜೆ ಕಾಯಿಗಳನ್ನು ಪೆಟ್ಟಿಗೆಗೆ ತುಂಬುವಾಗ ಮುಗಿದುಹೋಯಿತು. ಆಡಿದ್ದು ಅಕ್ಷರದಲ್ಲಿ ನಿಲ್ಲುವದೆಂಬ ಭರವಸೆಯಿದ್ದ ಮಗುವು ಆಡುವ ಬಗೆಯೇ ಬೇರೆ.

ಈಗ ಎದುರುಪಕ್ಷದ ಆಕ್ಷೇಪಗಳನ್ನು ಪರಿಶೀಲಿಸೋಣ. ಸಾಮಾನ್ಯ ಓದುಗನಿಗೆ ಸಂಕೇತಗಳು ತಿಳಿಯುವದಿಲ್ಲವೆಂಬುದು ಮೊದಲನೆಯದು. ಪಂಚಾಂಗದ ಘಳಿಗೆ ವಿಘಳಿಗೆಗಳ ಕೋಷ್ಟಕವು ಎಲ್ಲರಿಗೂ ತಿಳಿಯುವದೇ? ಆದರೂ ಪ್ರತಿ ಮನೆಯ ಗೂಟಕ್ಕೆ ಅದು ತೂಗಿರುತ್ತದೆ, ಮನೆಯಲ್ಲಿ ಒಬ್ಬರು ಅದನ್ನು ಓದಬಲ್ಲವರಾಗುತ್ತಾರೆ. ಕ್ರಿಕೆಟ್ಟಿನ 'ಲೆಗ್ ಬೈ', 'ಮೇಡನ್ ಓವರ್' ಮುಂತಾದ ಪದಗಳನ್ನು ನಮ್ಮ ಹಳ್ಳಿಯ ಹುಡುಗರು ಯಾವ ಪಾಠಶಾಲೆಯಲ್ಲಿಯೂ ಕಲಿಯಲಿಲ್ಲ. ಪತ್ರಿಕೆಗಳು ದಿನವೂ ಅಚ್ಚುಹಾಕಿದವು, ಇವರು ದಿನವೂ ಓದಿದರು, ಬಂದಿತು. ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆಯು 1842ರಲ್ಲಿಯೇ ಚದುರಂಗಕ್ಕೆ ಅಂಕಣವನ್ನು ತೆರೆಯಿತು. ಹೊವರ್ಡ್ ಸ್ಟಾಂಟನನು ಅದನ್ನು 1845ರಿಂದ 1874ರಲ್ಲಿ ತಾನು ತೀರಿಕೊಳ್ಳುವ ವರೆಗೆ ನಡೆಸಿದನು. ಅದೇನೂ ಪಂಡಿತರ ಪತ್ರಿಕೆಯಾಗಿರಲಿಲ್ಲ, ಮನೆಮಂದಿಯ ಪತ್ರಿಕೆಯಾಗಿತ್ತು. ನಮ್ಮಲ್ಲಿಯೂ 1961ರಲ್ಲಿ ಭಾರತದ ಪ್ರಥಮ ಇಂಟರ್‌ನ್ಯಾಶನಲ್ ಮಾಸ್ಟರ್ ಆದ ಮಾನ್ಯುಯೆಲ್ ಆರನ್ನರು 'ಹಿಂದೂ' ಪತ್ರಿಕೆಯಲ್ಲಿ ಆಟವನ್ನು ಬಲ್ಲವರ ಕಣ್ಣಿನಿಂದ ಬರೆದರು. ಆಡಿದವನೇ ಬರೆದಾಗ ಬರೆಹಕ್ಕೆ ಬರುವ ತೂಕವೇ ಬೇರೆ. ಆ ಕೆಲಸವು ಆಂಗ್ಲಭಾಷೆಯಲ್ಲಿಯೇ ನಿಂತುಬಿಟ್ಟದ್ದು ನಮ್ಮ ದುರ್ದೈವ.

ಎರಡನೆಯ ತೊಡಕು ನಮ್ಮದೇ ಆದದ್ದು. ಕಾಯಿಗಳ ಹೆಸರುಗಳಲ್ಲಿ ನಮಗೆ ಒಮ್ಮತವಿಲ್ಲ. ಒಬ್ಬನು ಮಂತ್ರಿ ಎಂದದ್ದನ್ನು ಇನ್ನೊಬ್ಬನು ರಾಣಿ ಎನ್ನುತ್ತಾನೆ. ಮೂಲೆಯ ಕಾಯಿ ಒಬ್ಬನಿಗೆ ಆನೆ, ಇನ್ನೊಬ್ಬನಿಗೆ ರಥ, ಮೂರನೆಯವನಿಗೆ 'ರೂಕ್'. ಒಂಟೆಯು ಒಮ್ಮೊಮ್ಮೆ 'ಬಿಷಪ್' ಆಗುತ್ತದೆ. ಬಂಗಾಲದವರಲ್ಲಿ ಮೂಲೆಯ ಕಾಯಿ ದೋಣಿಯಾಗಿ, ನಾವು ಒಂಟೆಯೆನ್ನುವದು ಗಜವಾಗಿರುವದನ್ನು ನೋಡಿದರೆ ಈ ಭೇದವು ದೇಶಾದ್ಯಂತ ಇರುವದೆಂದು ತಿಳಿಯುತ್ತದೆ. ಆದರೆ ಒಂದೇ ಪತ್ರಿಕೆಯ ಒಂದೇ ವರದಿಯಲ್ಲಿ ಮೊದಲು ಆನೆಯಾದದ್ದು ಕೊನೆಗೆ ರೂಕ್ ಆದರೆ ಓದುಗನಿಗೆ ಅದು ಒಂದೇ ಕಾಯಿಯೆಂದು ತಿಳಿಯುವದು ಹೇಗೆ? ಯಾವ ಹೆಸರು ಶುದ್ಧವೆಂದು ಜಗಳವಾಡುತ್ತ ಕೂಡ್ರುವ ಅವಶ್ಯಕತೆಯಿಲ್ಲ. ಮನೆಮಾತಿನಲ್ಲಿ ಬಳಕೆಯಲ್ಲಿರುವ ಅರಸು, ಮಂತ್ರಿ, ಆನೆ, ಒಂಟೆ, ಕುದುರೆ, ಕಾಲಾಳು ಎಂಬವನ್ನು ಹಿಡಿದು ಅವುಗಳನ್ನೇ ಕೊನೆತನಕ ಬಳಸಿದರೆ ಸಾಕು. ಸಂಕೇತಕ್ಕೆ ಮೇಲೆ ಹೇಳಿದ ಅಂಕಿಗಳು ಇದ್ದೇ ಇವೆ. ಅವು ಯಾವ ಭಾಷೆಯ ಸ್ವತ್ತೂ ಅಲ್ಲ. ಕೊಂಕಣಿ, ಮರಾಠಿ, ಕನ್ನಡ ಮೂರೂ ಕಿವಿಗೆ ಬೀಳುವ ಕಾರವಾರದಂಥ ಊರಿಗೆ ಅವು ಹೇಳಿ ಮಾಡಿಸಿದಂತಿವೆ.

ಮೂರನೆಯ ಆಕ್ಷೇಪವು ಈ ಕಾಲದ್ದು, ಹೆಚ್ಚು ಬಲವಾದದ್ದು. ಆಟವು ನಡೆಯುತ್ತಿರುವಾಗಲೇ ಪ್ರತಿಯೊಂದು ನಡೆಯೂ ಕೈಯ ಮೊಬೈಲಿನಲ್ಲಿ ಕಾಣಿಸುತ್ತದೆ. ಯಾರದು ಮೇಲುಗೈ ಎಂಬುದನ್ನು ಗಣಕಯಂತ್ರವು ಅಂಕಿಯಲ್ಲಿ ಹೇಳಿಬಿಡುತ್ತದೆ. ಹೀಗಿರಲು ಪತ್ರಿಕೆಯಲ್ಲಿ ಅದನ್ನು ಅಚ್ಚುಹಾಕುವದೇಕೆ? ಮೂಲ ಶ್ಲೋಕವು ಎಲ್ಲರ ಮನೆಯಲ್ಲಿದ್ದರೂ ಮಲ್ಲಿನಾಥನ ವ್ಯಾಖ್ಯಾನವು ಬೇಕಾಯಿತೇಕೆ ಎಂಬುದೇ ಇದಕ್ಕೆ ಉತ್ತರ. ಯಂತ್ರವು ತೀರ್ಪನ್ನು ಕೊಡುತ್ತದೆ, ಅನ್ವಯವನ್ನು ಕೊಡುವದಿಲ್ಲ. 55ನೆಯ ನಡೆಯು ಕೆಟ್ಟದ್ದೆಂದು ಅದು ಕ್ಷಣಮಾತ್ರದಲ್ಲಿ ಹೇಳಿತು; ಮೂಲೆಯ ಒಂಟೆಯ ದೆಸೆಯಿಂದ ಕೆಟ್ಟದ್ದೆಂದು ಮನುಷ್ಯನು ಮನುಷ್ಯನಿಗೆ, ಅವನ ಭಾಷೆಯಲ್ಲಿ, ತಿಳಿಸಿ ಹೇಳಬೇಕು. ಅದೂ ಅಲ್ಲದೆ ಮೊಬೈಲಿನಲ್ಲಿ ಬರುವ ವಿವರಣೆಯ ಬಹುಭಾಗವು ಆಂಗ್ಲದಲ್ಲಿರುತ್ತದೆ. ಕನ್ನಡಶಾಲೆಯಲ್ಲಿ ಓದುವ ಮಗುವಿಗೆ ನಡೆ ಕಾಣುತ್ತದೆ, ಕಾರಣ ಕೇಳಿಸುವದಿಲ್ಲ. ವಾರ್ತೆಯನ್ನು ಬೇಗನೆ ಕೊಡುವ ಪಂದ್ಯದಲ್ಲಿ ಪತ್ರಿಕೆಯು ಎಂದೋ ಸೋತಿದೆ. ನಿಧಾನವಾಗಿ ಅರ್ಥಮಾಡಿಸುವ ಕೆಲಸವೊಂದು ಅದಕ್ಕೆ ಉಳಿದಿದೆ. ಚದುರಂಗದಲ್ಲಿ ಆ ಕೆಲಸಕ್ಕೆ ಇರುವಷ್ಟು ಅವಕಾಶವು ಬೇರಾವ ಆಟದಲ್ಲಿಯೂ ಇಲ್ಲ.

ಆದದ್ದರಿಂದ ಸಂಪಾದಕ ಮಹಾಶಯರಲ್ಲಿ ನನ್ನ ವಿಜ್ಞಾಪನೆಗಳು ಮೂರೇ. ಚದುರಂಗದ ಯಾವ ದೊಡ್ಡ ವರದಿಯೂ ಕಡಿಮೆಪಕ್ಷ ಒಂದು ಆಟದ ನಡೆಗಳನ್ನೊಳಗೊಂಡಿರಲಿ. ಆ ಆಟದಲ್ಲಿ ತಿರುವು ಬಂದ ಒಂದು ಸ್ಥಿತಿಯನ್ನು ಹಾಸಿನ ಚಿತ್ರದೊಡನೆ ಹತ್ತು ವಾಕ್ಯಗಳಲ್ಲಿ ವಿವರಿಸಲಿ. ಜಿಲ್ಲೆಯ ಪತ್ರಿಕೆಗಳು ವರ್ಷಕ್ಕೊಮ್ಮೆಯಾದರೂ ನಮ್ಮ ಶಾಲೆಗಳ ಮಕ್ಕಳು ಆಡಿದ ಒಂದು ಒಳ್ಳೆಯ ಆಟವನ್ನು, ಆಡಿದವರ ಒಪ್ಪಿಗೆಯಿಂದ, ಪೂರ್ತಿಯಾಗಿ ಅಚ್ಚುಹಾಕಲಿ. ಇದಕ್ಕೆ ಹಣದ ಖರ್ಚಿಲ್ಲ. ಶಿಕ್ಷಕರೊಬ್ಬರು ಮಗುವಿನ ಕೈಯಲ್ಲಿ ಚೀಟಿಯನ್ನು ಕೊಟ್ಟು ನಡೆಗಳನ್ನು ಬರೆಯಿಸಿದರೆ ಕಾರ್ಯವು ಅರ್ಧ ಮುಗಿದಂತೆ. ಗೆದ್ದವರ ಚಿತ್ರವೂ ಇರಲಿ, ಕಣ್ಣೀರೂ ಇರಲಿ, ಅತಿಥಿಗಳ ಹೆಸರುಗಳೂ ಇರಲಿ. ಅವುಗಳ ನಡುವೆ ಆಟಕ್ಕೂ ನಾಲ್ಕು ಸಾಲುಗಳ ಜಾಗವಿರಲಿ. ಮಾನ್ಯ ವಾಚಕರೂ ತಮ್ಮ ಮನೆಯ ಮಕ್ಕಳೊಡನೆ ಕುಳಿತು ಮೇಲಣ ಹದಿನೇಳು ನಡೆಗಳನ್ನು ಒಮ್ಮೆ ಆಡಿ ನೋಡಿ, ನನ್ನ ಮಾತಿನಲ್ಲಿ ಹುರುಳುಂಟೋ ಇಲ್ಲವೋ ತಾವೇ ನಿರ್ಣಯಿಸಬೇಕೆಂದು ಪ್ರಾರ್ಥಿಸುತ್ತೇನೆ.